ಪರೀಕ್ಷೆ ಬಾಗಿಲ ಒಳಗೆ ನಡೆಯಲಿ



ನಮ್ಮ ಸೀಮೆಯ ಒಂದು ಮಠದ ಉಚಿತ ಪ್ರಸಾದ ನಿಲಯದ ಸಲಹಾ ಸಮಿತಿಯಲ್ಲಿ ನಾನೂ ಒಬ್ಬ ಸದಸ್ಯ. ಮೂರು ವರ್ಷದ ಹಿಂದೆ ಅಲ್ಲಿನ ಪ್ರವೇಶ ಅರ್ಜಿಗೆ ಒಂದು ಸಾಲು ಸೇರಿಸಿದೆ: "ಹೊರ ಜಿಲ್ಲೆ ಹಾಗೂ ಹೊರ ರಾಜ್ಯದ ವಿದ್ಯಾರ್ಥಿಗಳು ಕ್ಷಯರೋಗ ಇಲ್ಲವೆಂಬ ವೈದ್ಯಕೀಯ ಪ್ರಮಾಣಪತ್ರವನ್ನು ಲಗತ್ತಿಸತಕ್ಕದ್ದು." ಮೂವತ್ತೈದು ವರ್ಷ ಟೆಂಡರ್ ಷರತ್ತು ಬರೆದ ಕೈ. ಸಾಲು ಸರಾಗವಾಗಿ ಬಂತು. ಸಭೆಯಲ್ಲಿ ಯಾರೂ ಒಂದಕ್ಷರ ತಿದ್ದಲಿಲ್ಲ.

ಕಾರಣವೂ ಇತ್ತು. ನಮ್ಮ ಬೆಳಗೊಳದ ಕೈಗಾರಿಕಾ ಪ್ರದೇಶಕ್ಕೂ ಮೈಸೂರಿನ ಹೆಬ್ಬಾಳ, ಮೇಟಗಳ್ಳಿ ಕಡೆಯ ಕಾರ್ಖಾನೆಗಳಿಗೂ ಒಡಿಶಾ, ಬಿಹಾರ, ಅಸ್ಸಾಮಿನಿಂದ ಜನ ಬಂದು ಸೇರಿದ್ದಾರೆ. ಒಂದೊಂದು ಶೀಟಿನ ಕೋಣೆಯಲ್ಲಿ ಆರೆಂಟು ಜನ. ಅವರ ಮಕ್ಕಳು ಈಗ ನಮ್ಮ ಶಾಲೆಗಳಲ್ಲಿ ಕನ್ನಡ ಓದುತ್ತಿದ್ದಾರೆ, ನಿಲಯದಲ್ಲಿ ಜಾಗ ಕೇಳಿಕೊಂಡು ಬರುತ್ತಾರೆ. "ಎಲ್ಲಿಂದಲೋ ಬಂದವರು, ಏನೇನು ಅಂಟಿಸಿಕೊಂಡು ಬಂದಿರುತ್ತಾರೋ" ಎಂದು ಹಿರಿಯರೊಬ್ಬರು ಸಭೆಯಲ್ಲಿ ಅಂದರು. ನಾನು ತಲೆಯಾಡಿಸಿದೆ.

ಆ ವರ್ಷವೇ ಒಡಿಶಾದ ದಂಪತಿಯ ಹದಿಮೂರು ವರ್ಷದ ಮಗನೊಬ್ಬನ ಎಕ್ಸ್‌ರೇಯಲ್ಲಿ ಕಲೆ ಕಂಡಿತು. ಗುಣವಾದ ಮೇಲೆ ಬರಬಹುದು ಎಂದು ವಿನಯವಾಗಿ ಬರೆದು ಕಳಿಸಿದೆವು. ಮರುವರ್ಷ ಶಿವರಾತ್ರಿಯ ಹೊತ್ತಿಗೆ ನಿಲಯದೊಳಗಿನ ಹುಡುಗನೊಬ್ಬ ಕಫದಲ್ಲಿ ರಕ್ತ ಉಗುಳಿದ. ಪಕ್ಕದ ತಾಲ್ಲೂಕಿನವನು, ನಮ್ಮವನೇ. ಆರೋಗ್ಯ ಇಲಾಖೆಯವರು ಬಂದು ಎಲ್ಲರನ್ನೂ ತಪಾಸಣೆ ಮಾಡಿದರು. ಮೂವರು ಹುಡುಗರಿಗೆ ಟಿಬಿ ಇತ್ತು. ಅವರ ಜೊತೆಗೆ, ಅವರಿಗೆಲ್ಲ ಮೊದಲು, ರಾತ್ರಿ ಅದೇ ಹಾಲ್‌ನಲ್ಲಿ ಮಲಗುತ್ತಿದ್ದ ಮೇಲ್ವಿಚಾರಕರಿಗೆ ಇತ್ತು. ಊರಿನವರೇ, ಸಕ್ಕರೆ ಕಾಯಿಲೆಯವರು, ಆರು ತಿಂಗಳಿಂದ ಕೆಮ್ಮುತ್ತಿದ್ದರು. ಅವರನ್ನು ಪ್ರಮಾಣಪತ್ರ ಕೇಳುವುದು ನಮಗೆ ಯಾರಿಗೂ ಹೊಳೆದಿರಲಿಲ್ಲ. ನಾಲ್ವರೂ ಗುಣವಾದರು. ಆದರೆ ನಾನು ಬರೆದ ಸಾಲು ಯಾರನ್ನು ತಡೆಯಿತು, ಯಾರನ್ನು ಒಳಗೆ ಬಿಟ್ಟಿತು ಎಂಬುದು ಆಮೇಲೆ ಬಹಳ ದಿನ ಕಾಡಿತು.

ಕಾಡುವುದಕ್ಕೆ ಇನ್ನೊಂದು ಕಾರಣ, ಇಂಥದ್ದೇ ಕಥೆಯನ್ನು ನಾನು ಎಳೆ ವಯಸ್ಸಿನಲ್ಲೇ ಕೇಳಿದ್ದೆ. ಕೇಳಿ ಮರೆತಿದ್ದೆ.

1986ರಲ್ಲಿ ಹಾರಂಗಿ ನಾಲೆಯ ಕೆಲಸದ ಮೇಲೆ ಕುಶಾಲನಗರದಲ್ಲಿದ್ದೆ. ಕಾವೇರಿ ದಾಟಿದರೆ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆ. ಈಗ ಅಲ್ಲಿಗೆ ಬಸ್ಸು ಬಸ್ಸು ಪ್ರವಾಸಿಗರು ಬರುತ್ತಾರೆ, ಚಿನ್ನದ ಬಣ್ಣದ ಬುದ್ಧನ ಮುಂದೆ ನಿಂತು ಫೋಟೊ ತೆಗೆದುಕೊಳ್ಳುತ್ತಾರೆ. ಆಗ ಅದು ನಮಗೆಲ್ಲ 'ಟಿಬೆಟ್ ಕ್ಯಾಂಪು', ಅಷ್ಟೆ. ಭಾನುವಾರ ಅಲ್ಲಿನ ಹೋಟೆಲಿಗೆ ಹೋಗುವುದಿತ್ತು. ಅದರ ಮುಂದೆ ಬಿಸಿಲಿಗೆ ಕೂತು ಜಪಮಣಿ ಎಣಿಸುತ್ತಿದ್ದ ಒಬ್ಬ ಅಜ್ಜ ಪಿರಿಯಾಪಟ್ಟಣದ ಕೂಲಿಯವರಿಂದ ಕಲಿತ ಕನ್ನಡದಲ್ಲಿ ಮಾತಾಡುತ್ತಿದ್ದ. ಹಿಮಾಲಯದಲ್ಲಿ ರಸ್ತೆ ಕೆಲಸದ ಬಿಡಾರದಲ್ಲಿದ್ದು, ಆಮೇಲೆ ಇಲ್ಲಿಗೆ ಬಂದವನು. ಒಮ್ಮೆ ಅವನು ಹೇಳಿದ್ದು ಹೀಗೆ: "ಡಾಕ್ಟರ್ ಬರ್ತಾರೆ ಅಂದ್ರೆ ಕೆಮ್ಮೋರೆಲ್ಲ ಕಾಡಿಗೆ ಹೋಗ್ಬಿಡ್ತಿದ್ರು ಸರ್. ಎದೆ ಕಾಯಿಲೆ ಅಂತ ಬರ್ಕೊಂಡ್ರೆ ಮಕ್ಕಳಿಂದ ಬಿಡಿಸಿ ದೂರ ಕಳಿಸ್ತಾರೆ ಅಂತ ಭಯ. ನನ್ನ ಹೆಂಡತಿ ಕೆಮ್ಮು ನುಂಗ್ತಿದ್ಲು." ಅವಳು ಇಲ್ಲಿಗೆ ಬಂದ ಎರಡನೇ ವರ್ಷ ತೀರಿಹೋಗಿದ್ದಳು.

1959ರ ಮಾರ್ಚಿನಲ್ಲಿ ದಲೈ ಲಾಮಾ ಲಾಸಾ ಬಿಟ್ಟು ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಜನ ಹಿಮ ದಾಟಿ ಬಂದರು. ಲಾಸಾ ಇರುವುದು ಸುಮಾರು 3,650 ಮೀಟರ್ ಎತ್ತರದಲ್ಲಿ. ಅಲ್ಲಿಂದ ಇಳಿದವರನ್ನು ಮೊದಲು ಇಟ್ಟದ್ದು ಅಸ್ಸಾಮಿನ ಮಿಸ್ಸಾಮಾರಿ, ಬಂಗಾಳದ ಬಕ್ಸಾ ಮುಂತಾದ ಶಿಬಿರಗಳಲ್ಲಿ. ಉರಿ ಸೆಕೆ, ಬಿದಿರಿನ ಗುಡಿಸಲು, ಒಗ್ಗದ ಅನ್ನ, ಒಗ್ಗದ ನೀರು. ಬಕ್ಸಾ ಕೋಟೆ ಬ್ರಿಟಿಷರ ಕಾಲದ ಬಂದೀಖಾನೆ. ಸೆರಾ, ಡ್ರೆಪುಂಗ್, ಗಾಂಡೆನ್ ಎಂಬ ಮೂರು ಮಹಾ ಮಠಗಳಿಂದ ಉಳಿದು ಬಂದ ಸುಮಾರು 1,500 ಸನ್ಯಾಸಿಗಳು ಹತ್ತು ವರ್ಷ ಅಲ್ಲಿದ್ದರು. ಕೈದಿಗಳಿಗೆಂದು ಕಟ್ಟಿದ ಕಟ್ಟಡದಲ್ಲಿ ಗಾಳಿ ಎಷ್ಟು ಬಂದೀತು? ಓದು ಬಿಡಬಾರದೆಂದು ಒತ್ತಿಕೊಂಡು ಕೂತು ಪಾಠ ಹೇಳಿಕೊಂಡರು, ಒತ್ತಿಕೊಂಡೇ ಮಲಗಿದರು. ಕ್ಷಯ ಒಬ್ಬರಿಂದೊಬ್ಬರಿಗೆ ಹೋಯಿತು. ಎಷ್ಟೋ ವಿದ್ವಾಂಸರು ಅಲ್ಲೇ ಮಣ್ಣಾದರು. ಉಳಿದವರು 1969-70ರ ಸುಮಾರಿಗೆ ನಮ್ಮ ರಾಜ್ಯಕ್ಕೆ ಬಂದರು. ಸೆರಾದವರು ಬೈಲಕುಪ್ಪೆಗೆ, ಡ್ರೆಪುಂಗ್ ಮತ್ತು ಗಾಂಡೆನ್‌ನವರು ಮುಂಡಗೋಡಿಗೆ.

ಆಶ್ರಯ ಕೊಟ್ಟವರು ಯಾರೆಂಬುದು ನಮ್ಮ ಸಮಾಜಕ್ಕೆ ಗೊತ್ತಿರಬೇಕಾದ ಮಾತು. ಜಾಗ ಕೊಡುವಿರಾ ಎಂದು ನೆಹರೂ ರಾಜ್ಯಗಳನ್ನು ಕೇಳಿದಾಗ ಮುಂದೆ ಬಂದದ್ದು ಮೈಸೂರು ರಾಜ್ಯ. ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಟ್ಟಿತು. 1960ರ ಕೊನೆಗೆ ಮೊದಲ ತಂಡ ಬಂದಾಗ ಮುಖ್ಯಮಂತ್ರಿ ಬಿ.ಡಿ. ಜತ್ತಿಯವರು, ಮುಂದೆ 1964ರಲ್ಲಿ ಬಸವ ಸಮಿತಿ ಕಟ್ಟಿದವರು. ಟಿಬೆಟನ್ನರು ಇಂದಿಗೂ ಹೆಸರು ಹಿಡಿದು ನೆನೆಯುವುದು ಎಸ್. ನಿಜಲಿಂಗಪ್ಪನವರನ್ನು. 1966ರಲ್ಲಿ ಮುಂಡಗೋಡು ಶಿಬಿರ ಆದದ್ದು ಅವರು ಮುಖ್ಯಮಂತ್ರಿಯಾಗಿದ್ದಾಗ. ಆಮೇಲೆ ಹುಣಸೂರು, ಕೊಳ್ಳೇಗಾಲದ ಒಡೆಯರಪಾಳ್ಯ. ಈ ಪುನರ್ವಸತಿ ಕೆಲಸಕ್ಕೆಂದೇ 1968ರಲ್ಲಿ 'ಮೈರಾಡ' ಸಂಸ್ಥೆ ಹುಟ್ಟಿತು. ಅದರ ಇಂಗ್ಲಿಷ್ ಹೆಸರಿನಲ್ಲಿಯೇ 'ಮೈಸೂರು' ಮತ್ತು 'ಪುನರ್ವಸತಿ' ಎರಡೂ ಇವೆ.

ಭೂಮಿ ಸಿಕ್ಕಿತು, ಮನೆ ಎದ್ದಿತು, ಮುಸುಕಿನ ಜೋಳ ಬೆಳೆಯಿತು. ಎದೆಯೊಳಗಿನದು ಮಾತ್ರ ಜೊತೆಗೇ ಬಂದಿತ್ತು. ಟಿಬಿಯ ಗುಣವೇ ಹಾಗೆ. ಸೋಂಕು ತಗುಲಿದವರೆಲ್ಲ ರೋಗಿಗಳಾಗುವುದಿಲ್ಲ. ನೂರರಲ್ಲಿ ಐದರಿಂದ ಹತ್ತು ಜನಕ್ಕೆ ಜೀವಮಾನದಲ್ಲಿ ಯಾವಾಗಲಾದರೂ ರೋಗ ಎದ್ದೇಳುತ್ತದೆ. ಹೊಟ್ಟೆಗಿಲ್ಲದಾಗ, ಸಕ್ಕರೆ ಕಾಯಿಲೆ ಬಂದಾಗ, ಮನಸ್ಸು ಕುಗ್ಗಿದಾಗ, ಇಕ್ಕಟ್ಟಿನಲ್ಲಿ ಬದುಕಿದಾಗ ಆ ಸಾಧ್ಯತೆ ಹೆಚ್ಚು. ಊರು ಬಿಟ್ಟು ಬಂದವನಿಗೆ ಇವೆಲ್ಲ ಒಟ್ಟಿಗೇ ಬರುತ್ತವೆ. ಭಾರತದಲ್ಲಿರುವ ಟಿಬೆಟನ್ನರಲ್ಲಿ ಟಿಬಿಯ ಪ್ರಮಾಣ ದೇಶದ ಸರಾಸರಿಗಿಂತ ಹಲವು ಪಟ್ಟು ಹೆಚ್ಚಾಗಿಯೇ ಉಳಿಯಿತು. ಅದರಲ್ಲೂ ಶಾಲೆಯ ಹಾಸ್ಟೆಲುಗಳಲ್ಲಿ, ಮಠಗಳಲ್ಲಿ. ಔಷಧಕ್ಕೆ ಬಗ್ಗದ ಟಿಬಿಯೂ ಅವರನ್ನು ಕಾಡಿದೆ.

ಇಲ್ಲಿ ಒಂದು ಮಾತು ಸ್ಪಷ್ಟವಾಗಲಿ. ಅವರು ನಮಗೆ ಟಿಬಿ ತಂದರು ಎಂದು ಹೇಳುವ ಹಾಗಿಲ್ಲ. ಜಗತ್ತಿನ ಟಿಬಿ ರೋಗಿಗಳಲ್ಲಿ ಸುಮಾರು ನಾಲ್ಕನೇ ಒಂದು ಭಾಗ ಭಾರತದಲ್ಲೇ ಇದ್ದಾರೆ. ಬೆಳಗೊಳದಿಂದ ಮೈಸೂರಿಗೆ ಬಸ್ಸು ಹತ್ತಿದರೆ ಕೆಆರ್‌ಎಸ್ ರಸ್ತೆಯಲ್ಲಿ ಎಲ್ಲರೂ ಪಿಕೆಟಿಬಿ ಆಸ್ಪತ್ರೆ ದಾಟಿಯೇ ಹೋಗುತ್ತೇವೆ. ಅದು ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಕ್ಷಯರೋಗ ಆಸ್ಪತ್ರೆ, ಆಗಿನ್ನೂ ಯಾವ ಟಿಬೆಟನ್ನನೂ ಇತ್ತ ಬಂದಿರಲಿಲ್ಲ. ಆಕೆಯನ್ನೂ ಆಕೆಯ ಹೆಣ್ಣುಮಕ್ಕಳನ್ನೂ ಕ್ಷಯ ತಿಂದುಹಾಕಿತ್ತು. ನಾಲ್ವಡಿಯವರ ಒಡಹುಟ್ಟಿದ ಸೋದರಿ, ಅರಮನೆಯ ಅನ್ನ ಉಂಡವರು.

ನಾಲೆ ಬಯಲಿನವರಾದ ನಮಗೆ ಇನ್ನೊಂದು ಪಾಠವೂ ಮನೆಯಲ್ಲೇ ಇದೆ. ಕನ್ನಂಬಾಡಿ ಕಟ್ಟುವಾಗಲೇ ಕೂಲಿಗಳನ್ನು ಮಲೇರಿಯಾ ಕಾಡಿತ್ತು. ಇರ್ವಿನ್ ನಾಲೆಯಲ್ಲಿ ನೀರು ಹರಿದು ಮಂಡ್ಯ ಸೀಮೆಗೆ ಬತ್ತ ಕಬ್ಬು ಬಂದಾಗ ಜೊತೆಗೆ ಚಳಿಜ್ವರವೂ ಮನೆಮನೆಗೆ ಬಂತು. ತಂದವರು ಯಾರು? ನೀರು ನಿಂತಿತು, ಸೊಳ್ಳೆ ಹೆಚ್ಚಿತು. ನಮ್ಮ ಇಲಾಖೆಯವರು ತೂಬು, ಸೇತುವೆ, ಇಳಿಜಾರು ಲೆಕ್ಕ ಹಾಕಿದ್ದರು, ಬಸಿಗಾಲುವೆಯನ್ನು ಆಮೇಲೆ ನೋಡೋಣ ಎಂದಿದ್ದರು. ಮನುಷ್ಯರನ್ನು ಒಂದೆಡೆಯಿಂದ ಎತ್ತಿ ಇನ್ನೊಂದೆಡೆ ಇಡುವಾಗಲೂ ನಾವು ಮಾಡುವುದು ಹೀಗೆಯೇ. ಸೈಟು ಅಳೆಯುತ್ತೇವೆ, ತಳಪಾಯಕ್ಕೆ ಮಣ್ಣು ಪರೀಕ್ಷೆ ಮಾಡಿಸುತ್ತೇವೆ, ಕೊಳವೆಬಾವಿಯ ನೀರನ್ನು ಲ್ಯಾಬಿಗೆ ಕಳಿಸುತ್ತೇವೆ. ಬಂದವನ ಎದೆ, ರಕ್ತ, ಹಲ್ಲು, ಕಣ್ಣು, ನಿದ್ದೆ ಯಾವ ಎಸ್ಟಿಮೇಟಿನಲ್ಲೂ ಇರುವುದಿಲ್ಲ. ನಾನು ಸಹಿ ಹಾಕಿದ ಪುನರ್ವಸತಿ ಬಡಾವಣೆಗಳ ಎಸ್ಟಿಮೇಟಿನಲ್ಲೂ ಇರಲಿಲ್ಲ.

ಹಾಗಾದರೆ ಪರೀಕ್ಷೆ ಬೇಡವೇ? ಬೇಕು. ಖಂಡಿತ ಬೇಕು. ಹೊಸ ನೆಲಕ್ಕೆ ಬಂದವನಿಗೆ ನಾವು ಮೊದಲು ಮಾಡಬೇಕಾದ ಉಪಕಾರವೇ ಅದು. ನನ್ನ ತಕರಾರು ಪರೀಕ್ಷೆಯ ಮೇಲಲ್ಲ, ಅದನ್ನು ಹೊಸ್ತಿಲಾಚೆ ಇಟ್ಟ ನನ್ನ ಆ ಒಂದು ಸಾಲಿನ ಮೇಲೆ.

ಹೊಸ್ತಿಲಾಚೆಯ ಪರೀಕ್ಷೆಯಲ್ಲಿ ಎರಡು ದೋಷ. ಮೊದಲನೆಯದು, ಅದು ರೋಗ ಮುಚ್ಚಿಡುವುದನ್ನು ಕಲಿಸುತ್ತದೆ. ಬೈಲಕುಪ್ಪೆಯ ಆ ಅಜ್ಜನ ಹೆಂಡತಿ ಕೆಮ್ಮು ನುಂಗಿದ್ದು ಅಜ್ಞಾನದಿಂದ ಅಲ್ಲ. ಕೆಮ್ಮಿದರೆ ಏನಾಗುತ್ತದೆಂದು ಅವಳು ಲೆಕ್ಕ ಹಾಕಿದ್ದಳು. ನಮ್ಮ ನಿಲಯದ ಹುಡುಗರೂ ಅಷ್ಟೆ. ಆಮೇಲೆ ವಿಚಾರಿಸಿದಾಗ ಅವರಲ್ಲಿ ಇಬ್ಬರು ತಿಂಗಳುಗಟ್ಟಲೆ ಹೊದಿಕೆಯೊಳಗೆ ಕೆಮ್ಮುತ್ತಿದ್ದರೆಂದು ತಿಳಿಯಿತು. ಒಡಿಶಾದ ಹುಡುಗನನ್ನು ಸೇರಿಸಿಕೊಳ್ಳಲಿಲ್ಲ ಎಂಬ ಸುದ್ದಿ ಅವರಿಗೆ ಗೊತ್ತಿತ್ತು. ಬೆಂಗಳೂರಿನಲ್ಲಿ 1959ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿದ ಒಂದು ಅಧ್ಯಯನ 1963ರಲ್ಲಿ ಪ್ರಕಟವಾಯಿತು. ಕಫದಲ್ಲಿ ರೋಗಾಣು ಇದ್ದವರಲ್ಲಿ ಬಹುಪಾಲು ಜನಕ್ಕೆ ತಮಗೆ ಏನೋ ಆಗಿದೆ ಎಂಬ ಅರಿವಿತ್ತು. ಸುಮಾರು ಅರ್ಧದಷ್ಟು ಜನ ಆಗಲೇ ಆಸ್ಪತ್ರೆಗೂ ಹೋಗಿ ಬಂದಿದ್ದರು, ಕೆಮ್ಮಿನ ಔಷಧದ ಬಾಟಲಿ ಹಿಡಿದುಕೊಂಡು. ಹಳ್ಳಿಯವನಿಗೆ ತಿಳಿವಳಿಕೆ ಇಲ್ಲ ಎನ್ನುತ್ತಿದ್ದವರ ಬಾಯಿ ಕಟ್ಟಿಸಿದ ಅಧ್ಯಯನ ಅದು. ಬಾಗಿಲು ತೆರೆದಿದ್ದರೆ ರೋಗಿ ತಾನೇ ಬರುತ್ತಾನೆ.

ಎರಡನೆಯದು, ಪ್ರಮಾಣಪತ್ರ ಎಂಬುದು ಒಂದು ದಿನದ ಫೋಟೊ. ಇಂದು ನಿರ್ಮಲವಾಗಿ ಕಂಡ ಎದೆಯಲ್ಲಿ ಮುಂದಿನ ವರ್ಷ ರೋಗ ಎದ್ದೇಳಬಹುದು. ವಲಸೆ ಬಂದವರಲ್ಲಿ ಮೊದಲ ಕೆಲವು ವರ್ಷಗಳೇ ಹೆಚ್ಚು ಅಪಾಯದ ಕಾಲ. ನಿರಾಶ್ರಿತರನ್ನು ಕರೆದುಕೊಳ್ಳುವ ಅಮೆರಿಕದಂಥ ದೇಶಗಳು ಇದನ್ನು ಅರಿತಿವೆ. 1990ರ ಕಾಯ್ದೆಯ ಮೇಲೆ ಅಲ್ಲಿಗೆ ಹೋದ 1,000 ಟಿಬೆಟನ್ನರಾಗಲಿ, ಭೂತಾನಿನಿಂದ ಹೊರಬಿದ್ದು ನೇಪಾಳದ ಶಿಬಿರಗಳಲ್ಲಿ ಇಪ್ಪತ್ತು ವರ್ಷ ಕಳೆದು 2007ರ ನಂತರ ಹೊರಟ ಒಂದು ಲಕ್ಷಕ್ಕೂ ಮಿಕ್ಕ ಜನರಾಗಲಿ, ವಿಮಾನ ಹತ್ತುವ ಮೊದಲೇ ಅವರಿಗೆ ವೈದ್ಯಕೀಯ ತಪಾಸಣೆ ಆಗುತ್ತದೆ. ಅಂಟುವ ಟಿಬಿ ಕಂಡರೆ ಪ್ರಯಾಣ ನಿಲ್ಲುತ್ತದೆ. ಅದು ಗಡಿಯಾಚೆಯ ತಡೆಯೇ, ಅದರಲ್ಲಿ ಸ್ವಾರ್ಥವೂ ಇದೆ. ಆದರೆ ಅಲ್ಲೇ ಔಷಧ ಕೊಟ್ಟು ಗುಣಪಡಿಸಿ ಆಮೇಲೆ ಕರೆದುಕೊಳ್ಳುತ್ತಾರೆ. ಹೋದ ಮೇಲೆ ಒಂದರಿಂದ ಮೂರು ತಿಂಗಳೊಳಗೆ ಮತ್ತೆ ನೋಡುವ ಪದ್ಧತಿ ಇದೆ. ಲಸಿಕೆ, ಯಕೃತ್ತಿನ ಬಿ ಸೋಂಕು, ಹೊಟ್ಟೆಹುಳು, ರಕ್ತಹೀನತೆ, ಗರ್ಭಿಣಿಯರ ಆರೈಕೆ ಎಲ್ಲವೂ ಅದರಲ್ಲಿ ಬರುತ್ತವೆ. ನಿದ್ದೆ ಬರುತ್ತದೆಯೇ, ಕೆಟ್ಟ ಕನಸು ಬೀಳುತ್ತದೆಯೇ ಎಂದು ಅವರ ಭಾಷೆಯವರನ್ನು ಪಕ್ಕದಲ್ಲಿಟ್ಟುಕೊಂಡು ಕೇಳುತ್ತಾರೆ. ಈ ಕೊನೆಯದು ಸಣ್ಣ ವಿಷಯವಲ್ಲ. ನಮ್ಮ ಆಸ್ಪತ್ರೆಗೆ ಬರುವ ಒಡಿಯಾ ಹೆಣ್ಣುಮಗಳು ತನ್ನ ಮುಟ್ಟಿನ ತೊಂದರೆಯನ್ನು ಯಾವ ಭಾಷೆಯಲ್ಲಿ ಹೇಳಿಕೊಳ್ಳಬೇಕು? ಎಂಟು ವರ್ಷದ ಮಗನೇ ಅವಳಿಗೆ ದುಭಾಷಿ.

ನಾವು ಮಾಡಿದ್ದು ಈ ಪದ್ಧತಿಯ ಅರ್ಧ ಮಾತ್ರ. ತಡೆದೆವು, ಔಷಧ ಕೊಡಿಸಲಿಲ್ಲ, ಮತ್ತೆ ಕರೆಯಲೂ ಇಲ್ಲ.

ಟಿಬೆಟನ್ನರು ಈಚೆಗೆ ಮಾಡಿದ್ದನ್ನು ನೋಡಿ. 2017ರಿಂದ ಅವರ ಆರೋಗ್ಯ ಇಲಾಖೆ, ಧರ್ಮಶಾಲೆಯ ಡೆಲೆಕ್ ಆಸ್ಪತ್ರೆ, ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ವೈದ್ಯರು ಸೇರಿ ಶಾಲೆ ಮತ್ತು ಮಠಗಳ ಮಕ್ಕಳನ್ನು ಅವರಿದ್ದಲ್ಲಿಗೇ ಹೋಗಿ ಪರೀಕ್ಷಿಸತೊಡಗಿದರು. ಮಕ್ಕಳನ್ನಷ್ಟೇ ಅಲ್ಲ, ಶಿಕ್ಷಕರನ್ನೂ ಸಿಬ್ಬಂದಿಯನ್ನೂ. ರೋಗ ಇದ್ದವರಿಗೆ ಚಿಕಿತ್ಸೆ. ಸೋಂಕು ಮಲಗಿದ್ದವರಿಗೆ, ಅದು ಏಳದ ಹಾಗೆ ವಾರಕ್ಕೊಂದು ಸಲದಂತೆ 12 ವಾರ ಮಾತ್ರೆ. ಯಾರನ್ನೂ ಮಠದಿಂದ ಹೊರಗೆ ಹಾಕಲಿಲ್ಲ. ಬೈಲಕುಪ್ಪೆಯಲ್ಲಿ ಈಗ ಅವರದೇ ತ್ಸೋಜೆ ಆಸ್ಪತ್ರೆ ಇದೆ. ಸೆರಾ ಮಠ ತನ್ನ ಸನ್ಯಾಸಿಗಳ ಆರೋಗ್ಯಕ್ಕೆಂದೇ ವ್ಯವಸ್ಥೆ ಮಾಡಿಕೊಂಡಿದೆ. ಬಕ್ಸಾದಲ್ಲಿ ಕಳೆದುಕೊಂಡವರ ಲೆಕ್ಕ ಅವರಿಗೆ ಮರೆತಿಲ್ಲ.

ಅವರ ಮಠಕ್ಕೂ ನಮ್ಮ ಮಠಕ್ಕೂ ತತ್ವದಲ್ಲಿ ಅಂತರವಿರಬಹುದು, ಮಲಗುವ ಹಾಲ್‌ನಲ್ಲಿ ಅಂತರವಿಲ್ಲ. ಸಿದ್ಧಗಂಗೆಯಲ್ಲಿ ಹತ್ತು ಸಾವಿರದಷ್ಟು ಮಕ್ಕಳು ಓದುತ್ತಾರೆ. ಸುತ್ತೂರಿನಿಂದ ಹಿಡಿದು ಸಣ್ಣ ವಿರಕ್ತ ಮಠದವರೆಗೆ ನೂರಾರು ಕಡೆ ಮಕ್ಕಳಿಗೆ ಅನ್ನ ಅಕ್ಷರ ಕೊಡುತ್ತಿದ್ದೇವೆ. ಇದು ನಮ್ಮ ಸಮಾಜದ ಹೆಮ್ಮೆ. ಮಕ್ಕಳನ್ನು ಹೆಚ್ಚು ಹೆಚ್ಚು ಸೇರಿಸಿಕೊಂಡಷ್ಟೂ ಹಾಲ್ ಇಕ್ಕಟ್ಟಾಗುತ್ತದೆ ಎಂಬುದನ್ನೂ ನಾವೇ ಯೋಚಿಸಬೇಕು.

ಬಂದವನನ್ನು ಹೊರಗಿನವನೆನ್ನಬಾರದೆಂಬ ಬಸವಣ್ಣನವರ ವಚನ ನಮ್ಮ ಪ್ರತಿ ಸಭೆಯ ಆರಂಭದಲ್ಲಿ ಹಾಡಲಾಗುತ್ತದೆ. ಆ ಸಾಲು ಸೇರಿಸಿದ ದಿನವೂ ಹಾಡಲಾಗಿತ್ತು. ಕಾಶ್ಮೀರದಿಂದ ಬಂದು ಸೌದೆ ಹೊತ್ತ ಮೋಳಿಗೆಯ ಮಾರಯ್ಯ, ಸೌರಾಷ್ಟ್ರದ ಆದಯ್ಯ, ಆಫ್ಘಾನಿಸ್ತಾನದ ಕಡೆಯಿಂದ ಬಂದು ಮಹಾಮನೆಯಲ್ಲಿ ಯಾರ ಕಣ್ಣಿಗೂ ಬೀಳದೆ ಕಾಯಕ ಮಾಡಿದರೆಂದು ಪರಂಪರೆ ಹೇಳುವ ಮರುಳಶಂಕರದೇವ, ಇವರಿಗೆಲ್ಲ ಕಲ್ಯಾಣದ ಬಾಗಿಲಲ್ಲಿ ಯಾರು ಪ್ರಮಾಣಪತ್ರ ಕೇಳಿದ್ದರು? ಆಮೇಲೆ ಕಲ್ಯಾಣವೇ ಒಡೆದು, ವಚನದ ಕಟ್ಟು ಹೊತ್ತು ಉಳವಿಯ ಕಾಡಿನತ್ತ ನಡೆದ ಶರಣರೂ ನಿರಾಶ್ರಿತರೇ. ಹಸಿವು, ಗಾಯ, ಜ್ವರ ಅವರ ಜೊತೆಗೂ ಇದ್ದಿರಬೇಕು. ದಾರಿಯ ಹಳ್ಳಿಯವರು ಕದ ತೆರೆಯದೆ ಇದ್ದಿದ್ದರೆ ನಮ್ಮ ಕೈಗೆ ವಚನ ಎಲ್ಲಿ ಬರುತ್ತಿತ್ತು? ವೈದ್ಯವನ್ನೇ ಕಾಯಕವಾಗಿಸಿಕೊಂಡ ವೈದ್ಯ ಸಂಗಣ್ಣ ಎಂಬ ಶರಣ ನಮ್ಮಲ್ಲಿದ್ದ. ಜಯಂತಿ ಮಾಡುವ ಪಟ್ಟಿಯಲ್ಲಿ ಅವನ ಹೆಸರು ನಾನು ಕಂಡಿಲ್ಲ.

ಈ ಮಾತನ್ನು ಸಮಿತಿಯಲ್ಲಿ ಎತ್ತಿದಾಗ ಒಬ್ಬರು ಕೇಳಿದರು: "ಎಂಬತ್ತು ಮಕ್ಕಳ ನಡುವೆ ಒಬ್ಬ ಟಿಬಿ ಹುಡುಗನನ್ನು ಗೊತ್ತಿದ್ದೂ ಇಟ್ಟುಕೊಳ್ಳಬೇಕಾ?" ನ್ಯಾಯವಾದ ಪ್ರಶ್ನೆ. ಇಟ್ಟುಕೊಳ್ಳಬೇಕು, ಆದರೆ ಎಂಬತ್ತು ಜನರ ನಡುವೆ ಅಲ್ಲ. ನಮ್ಮ ಮಠದಲ್ಲಿ ಗಣ್ಯ ಅತಿಥಿಗಳಿಗೆಂದು ಎರಡು ಕೋಣೆ ವರ್ಷವಿಡೀ ಬೀಗ ಹಾಕಿಕೊಂಡಿವೆ. ಔಷಧ ಸರಿಯಾಗಿ ನಡೆದರೆ ಬಹುಪಾಲು ರೋಗಿಗಳು ಕೆಲವೇ ವಾರದಲ್ಲಿ ಇತರರಿಗೆ ಅಂಟಿಸುವುದು ನಿಲ್ಲುತ್ತದೆ. ಎಷ್ಟು ದಿನ ಬೇರೆ ಇರಬೇಕೆಂದು ಡಾಕ್ಟರು ಹೇಳುತ್ತಾರೆ. ಆ ದಿನಗಳಿಗೆ ಕಿಟಕಿ ತೆರೆದ ಅತಿಥಿ ಕೋಣೆ ಸಾಕು. ಮದರಾಸಿನಲ್ಲಿ 1956ರಿಂದ ನಡೆದ ಪ್ರಯೋಗವೊಂದು ಇದನ್ನು ಜಗತ್ತಿಗೇ ತೋರಿಸಿತು. ಸ್ಯಾನಿಟೋರಿಯಂ ಸೇರಿದವರಷ್ಟೇ ಚೆನ್ನಾಗಿ ಬಡವರ ಮನೆಯಲ್ಲಿಯೇ ಇದ್ದು ಔಷಧ ತೆಗೆದುಕೊಂಡವರೂ ಗುಣವಾದರು, ಮನೆಯವರಿಗೆ ಅದರಿಂದ ಹೆಚ್ಚಿನ ಅಪಾಯವೂ ಆಗಲಿಲ್ಲ. ಅರವತ್ತೈದು ವರ್ಷ ದಾಟಿದ ತಿಳಿವಳಿಕೆ ಇದು, ನಮ್ಮ ಸಮಿತಿಗೆ ಇನ್ನೂ ತಲುಪಿರಲಿಲ್ಲ.

ಇನ್ನೊಬ್ಬರ ಚಿಂತೆ ಪ್ರಸಾದದ ಪಂಕ್ತಿಯದು. ತಟ್ಟೆ ಲೋಟ ಬೇರೆ ಇಡಬೇಕೇ ಎಂದರು. ಟಿಬಿ ತಟ್ಟೆಯಿಂದ ಹರಡುವುದಿಲ್ಲ, ಗಾಳಿಯಿಂದ ಹರಡುತ್ತದೆ. ಪಂಕ್ತಿಯಲ್ಲಿ ಪ್ರತ್ಯೇಕ ಕೂರಿಸಿ, ರಾತ್ರಿ ಕಿಟಕಿ ಮುಚ್ಚಿದ ಹಾಲ್‌ನಲ್ಲಿ ಒಟ್ಟಿಗೆ ಮಲಗಿಸುವುದು ಎಲ್ಲ ರೀತಿಯಲ್ಲೂ ತಲೆಕೆಳಗು.

ಕಿಟಕಿಯ ವಿಷಯ ಬಂತು, ಅದು ನನ್ನ ಕಸುಬು. ಒಂದು ರಾತ್ರಿ ಊದುಬತ್ತಿ ಹಚ್ಚಿಕೊಂಡು ಹಾಲ್‌ಗೆ ಹೋಗಿ ನಿಂತೆ. ಹೊಗೆ ಎತ್ತ ಹೋಗುತ್ತದೆಂದು ನೋಡುವುದು ಗಾಳಿಯ ಚಲನೆ ತಿಳಿಯುವ ಸುಲಭ ಉಪಾಯ. ಹೊಗೆ ಎತ್ತಲೂ ಹೋಗಲಿಲ್ಲ. ಹಾಸಿಗೆಗಳ ಮೇಲೆ ನಿಂತಲ್ಲೇ ನಿಂತಿತ್ತು. ಸೊಳ್ಳೆಗೆ ಹೆದರಿ ಹನ್ನೆರಡೂ ಕಿಟಕಿ ಮುಚ್ಚಿದ್ದರು. ನಾಲೆ ಬಯಲಿನವರ ಭಯ ಹಳೆಯದು, ತಪ್ಪೆನ್ನಲಾರೆ. ಜಾಲರಿ ಹಾಕಿಸಿ ಕಿಟಕಿ ತೆರೆಸಿದೆವು. ಎದುರು ಗೋಡೆಯಲ್ಲಿ ಸೂರಿನ ಕೆಳಗೆ ಆರು ಗವಾಕ್ಷಿ ಒಡೆಸಿದೆವು. ಎರಡನೇ ಸಲ ಊದುಬತ್ತಿ ಹಚ್ಚಿದಾಗ ಹೊಗೆ ನಿಲ್ಲಲಿಲ್ಲ. ಮಠದ ಹಿರಿಯರು ಓದುತ್ತಿದ್ದರೆ ನನ್ನ ವಿನಂತಿ ಇಷ್ಟು: ಇವತ್ತೇ ರಾತ್ರಿ ನಿಮ್ಮ ನಿಲಯದಲ್ಲಿ ಒಂದು ಊದುಬತ್ತಿ ಹಚ್ಚಿ ನೋಡಿ.

ಉಳಿದದ್ದಕ್ಕೆ ದುಡ್ಡು ಹೆಚ್ಚು ಬೇಕಿಲ್ಲ. ಕಫ ಪರೀಕ್ಷೆ, ಔಷಧ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಚಿಕಿತ್ಸೆಯ ಕಾಲದಲ್ಲಿ ಪೌಷ್ಟಿಕ ಆಹಾರಕ್ಕೆಂದು ರೋಗಿಗೆ ತಿಂಗಳಿಗೆ ಕೊಡುತ್ತಿದ್ದ 500 ರೂಪಾಯಿಯನ್ನು 2024ರ ನವೆಂಬರಿನಿಂದ 1,000 ಮಾಡಿದ್ದಾರೆ. 'ನಿಕ್ಷಯ್ ಮಿತ್ರ' ಎಂಬ ಯೋಜನೆಯಲ್ಲಿ ಯಾವುದೇ ಸಂಸ್ಥೆ ರೋಗಿಗಳ ಆಹಾರದ ಹೊಣೆ ಹೊರಬಹುದು. ದಾಸೋಹ ನಡೆಸುವ ಮಠಕ್ಕೆ ಇದಕ್ಕಿಂತ ಹತ್ತಿರದ ಕೆಲಸ ಇನ್ನೇನಿದೆ? ಕಾರ್ಖಾನೆ ಕಡೆಯ ಶೀಟಿನ ಕೋಣೆಗಳಿಗೆ ದಾಸೋಹದ ಅನ್ನ ಹೋಗಲಿ, ಅನ್ನದ ಜೊತೆ ಒಬ್ಬ ನರ್ಸ್ ಹೋಗಲಿ, ಅವರ ಭಾಷೆ ಬಲ್ಲ ಒಬ್ಬರು ಜೊತೆಗಿರಲಿ. ಬೇಕಾದ್ದು ಇನ್ನೊಂದು, ಬಾಯಿ ಬಿಗಿ. ಯಾರ ಎದೆಯಲ್ಲಿ ಏನಿದೆ ಎಂಬುದು ಸಮಿತಿಯ ಸದಸ್ಯರಿಗೂ ತಿಳಿಯಬೇಕಿಲ್ಲ, ಡಾಕ್ಟರಿಗೆ ಮತ್ತು ಮನೆಯವರಿಗೆ ತಿಳಿದರೆ ಸಾಕು. ಮೇಲ್ವಿಚಾರಕರಿಗೆ ಚಿಕಿತ್ಸೆಯ ತಿಂಗಳುಗಳ ಸಂಬಳ ಕೊಟ್ಟೆವು. ಕೊಡದೆ ಇದ್ದರೆ ಮುಂದಿನವರು ಕೆಮ್ಮು ನುಂಗುತ್ತಾರೆ.

ಕಳೆದ ತಿಂಗಳು ಅರ್ಜಿಯಿಂದ ಆ ಸಾಲು ತೆಗೆಸಿದೆ. ಅದರ ಜಾಗಕ್ಕೆ, ಪ್ರವೇಶ ಕೊಟ್ಟ ಮೇಲೆ ಎಲ್ಲ ವಿದ್ಯಾರ್ಥಿಗಳಿಗೂ, ಅಡುಗೆಯವರಿಂದ ಸಮಿತಿಯವರೆಗೆ ಎಲ್ಲರಿಗೂ ವರ್ಷಕ್ಕೊಮ್ಮೆ ತಪಾಸಣೆ ಎಂದು ಬರೆದಿದ್ದೇವೆ. ಪೂಜ್ಯರಿಗೆ ಓದಿ ಹೇಳಿ, "ಬುದ್ಧೀ, ಇದಕ್ಕೆ ತಮ್ಮ ಒಪ್ಪಿಗೆ ಬೇಕು" ಎಂದೆ. ಅವರು ಕಾಗದ ತಿರುವಿ ನೋಡಿ, "ಎಲ್ಲರಿಗೂ ಅಂದರೆ ನಮಗೂ ತಾನೆ?" ಎಂದು ಕೇಳಿದರು. ಹೌದು ಎಂದೆ. "ಹಾಗಾದರೆ ಮೊದಲ ಎಕ್ಸ್‌ರೇ ನಮ್ಮದು" ಎಂದರು.

ಒಡಿಶಾದ ಆ ಹುಡುಗನ ಮನೆ ಹುಡುಕಿಕೊಂಡು ಹೋಗಿದ್ದೆ. ಆರು ತಿಂಗಳ ಔಷಧ ಮುಗಿಸಿ ಗುಣವಾಗಿದ್ದಾನೆ. ಶಾಲೆ ಬಿಟ್ಟಿದ್ದಾನೆ, ಮೈಸೂರಿನಲ್ಲಿ ಪಂಕ್ಚರ್ ಅಂಗಡಿಯಲ್ಲಿ ಕೆಲಸ. ತಾಯಿ ಬಾಗಿಲಲ್ಲೇ ನಿಂತು ಮಾತಾಡಿದಳು, ಒಳಗೆ ಬನ್ನಿ ಎನ್ನಲಿಲ್ಲ. ಜಾಗ ಇದೆ, ಕಾಗದ ಏನೂ ಬೇಡ, ಮಗನನ್ನು ಕಳಿಸಮ್ಮ ಎಂದೆ. ಅವಳು ನನ್ನ ಮುಖ ನೋಡಿದಳು. "ಅವ್ನನ್ನ ಕೇಳ್ತೀನಿ ಸರ್" ಅಂದಳು. ಶಾಲೆ ತೆರೆಯುವುದಕ್ಕೆ ಇನ್ನು ಐದು ವಾರ ಇದೆ.